ಹಳಿಯ ಮೇಲಿನ ನಿಂಬೆಹಣ್ಣು

ನನಗೆ ಸಿಟ್ಟು ಜಾಸ್ತಿ ಎಂದು ನಮ್ಮ ಯಜಮಾನರು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಇರಬಹುದು. ಆದರೆ ಆ ವರ್ಷದ ಆಯುಧಪೂಜೆಯ ದಿನ ಸಿಟ್ಟು ಬರದಿದ್ದರೆ ನಾನು ಮನುಷ್ಯಳೇ ಅಲ್ಲ. ಬೆಳಿಗ್ಗೆ ಎದ್ದು ನೋಡಿದರೆ ನಮ್ಮಪ್ಪನ ಸುತ್ತಿಗೆಗೆ ತಲೆಯಿಂದ ಹಿಡಿಯವರೆಗೆ ಬೆಳ್ಳಿ ಬಣ್ಣ ಬಳಿದಿದ್ದರು.

ನಮ್ಮಪ್ಪ ಶಿವಲಿಂಗಯ್ಯ ಪಾಂಡವಪುರದ ಕಡೆ ರೈಲ್ವೆಯಲ್ಲಿ ಕೀಮನ್ ಆಗಿದ್ದರು. ಬೆಳಗಾದರೆ ಹಳಿಯುದ್ದಕ್ಕೂ ನಡೆದು, ಹಳಿಯನ್ನು ಹಿಡಿದಿಡುವ ಕಬ್ಬಿಣದ ಕೀಲಿಗಳು ಸಡಿಲವಾಗಿದ್ದರೆ ಹೊಡೆದು ಬಿಗಿ ಮಾಡುವುದು ಅವರ ಕೆಲಸ. ಸುತ್ತಿಗೆಯ ಮರದ ಹಿಡಿ ಅವರ ಬೆವರಿಗೆ ಕಪ್ಪಗಾಗಿ, ಹೆಬ್ಬೆರಳು ಕೂರುವ ಜಾಗದಲ್ಲಿ ಸಣ್ಣಗೆ ಸವೆದಿತ್ತು. ನಿವೃತ್ತರಾದಾಗ ಇಂಜಿನಿಯರ್ ಸಾಹೇಬರು ಅದನ್ನು ಅವರಿಗೇ ಕೊಟ್ಟಿದ್ದರು. ಅಪ್ಪ ತೀರಿಕೊಂಡ ಮೇಲೆ ನಾನು ಕೇಳಿ ತಂದುಕೊಂಡದ್ದು ಅದೊಂದನ್ನೇ.

ನಮ್ಮವರು ಸಿದ್ದಲಿಂಗಸ್ವಾಮಿ. ಬಟ್ಟೆ ಅಂಗಡಿ ಇಟ್ಟವರು. ಬೆಂಗಳೂರು ದಾರಿಯ ಮೀಟರ್ ಗೇಜ್ ಹಳಿ ಕಿತ್ತು ಅಗಲದ ಹಳಿ ಹಾಕಿದ ಮೇಲೆ ಹಳೇ ಸಾಮಾನು ಮಂಡಿ ಮೊಹಲ್ಲಾದ ಗುಜರಿಗಳಿಗೆ ಬರತೊಡಗಿತು. ಇವರಿಗೆ ಅದನ್ನು ಕೂಡಿಹಾಕುವ ಹುಚ್ಚು ಹತ್ತಿದ್ದು ಆಗಲೇ. ಹಾರೆ, ಪಿಕಾಸಿ, ಉದ್ದ ಹಿಡಿಯ ಸ್ಪ್ಯಾನರ್, ಕೆಂಪು ಹಸಿರು ಗಾಜಿನ ಕೈದೀಪ, ಹಳಿ ಎತ್ತುವ ಇಕ್ಕಳ, ಎಲ್ಲವೂ ಲಕ್ಷ್ಮೀಪುರಂನ ನಮ್ಮ ಮನೆಯ ಪಕ್ಕದ ಓಣಿಗೆ ಬಂದು ಗೋಡೆ ಏರಿದವು. ಸಾಲದ್ದಕ್ಕೆ ಓಣಿಯಲ್ಲಿ ತುಂಡು ಹಳಿ ಹಾಸಿ, ಹಳಿ ರಿಪೇರಿಯ ಗ್ಯಾಂಗಿನವರು ತಳ್ಳುವ ಟ್ರಾಲಿಯನ್ನೂ ತಂದು ನಿಲ್ಲಿಸಿದರು. ನಾನು ಬಟ್ಟೆ ಒಣಗಿಸುತ್ತಿದ್ದ ಜಾಗ ಅದು.

ಪ್ರತಿ ಸಾಮಾನಿನ ಕೆಳಗೂ ಒಂದೊಂದು ಚೀಟಿ ಅಂಟಿಸಿದ್ದರು. ಈಗ ಆ ಗೋಡೆ ಏರಿದ್ದ ಅಪ್ಪನ ಸುತ್ತಿಗೆಯ ಕೆಳಗೆ, ‘ಕೀಮನ್ ಸುತ್ತಿಗೆ. ಗುಜರಿಯಲ್ಲಿ ದೊರೆತದ್ದು.’

“ಯಾವ ಗುಜರೀಲಿ ಸಿಕ್ತು ರೀ ಇದು? ನಮ್ಮಪ್ಪನ ಮನೆ ಗುಜರೀನಾ?”

“ಮೆಲ್ಲಗೆ ಮಾತಾಡೆ. ಇವತ್ತು ದೊಡ್ಡೋರೆಲ್ಲ ಬರ್ತಾರೆ. ನಮ್ಮ ಮಾವ ಹಳಿ ಮೇಲೆ ಸುತ್ತಿಗೆ ಹೊಡೀತಿದ್ರು ಅಂತ ಗೋಡೇಲಿ ಬರ್ಕೊಬೇಕಾ? ಬುಡು ಈಗ.”

“ಇವತ್ತು ಈ ಪೂಜೆ ಅದೆಂಗೆ ನಡೀತದೋ ನಾನೂ ನೋಡ್ತೀನಿ!”

ಬಂದಿದ್ದ ನೆಂಟರಿಗೆಲ್ಲ ಕೇಳುವಂತೆ ಕೂಗಿದ್ದೆ. ಆ ಮಾತೇ ಆಮೇಲೆ ನನಗೆ ಕುತ್ತಾಯಿತು.

ಹೊತ್ತೇರುವಷ್ಟರಲ್ಲಿ ಓಣಿ ತುಂಬಿತು. ಟ್ರಾಲಿಗೆ ಬಾಳೆಕಂದು, ಚೆಂಡುಹೂವಿನ ಹಾರ. ಮನೆಯಲ್ಲಿ ಕಾರು, ಸ್ಕೂಟರಿಗೆ ಮಾಡುವ ಹಾಗೆಯೇ ಟ್ರಾಲಿಯ ಚಕ್ರಕ್ಕೂ ನಿಂಬೆಹಣ್ಣು ಕೊಟ್ಟು ಒಂದಿಷ್ಟು ದೂರ ಓಡಿಸುವುದೆಂದು ಗೊತ್ತಾಗಿತ್ತು. ಟ್ರಾಲಿಯ ಬೆಂಚಿನ ಮೇಲೆ ಇವರ ಅಣ್ಣತಮ್ಮಂದಿರ ಪೈಕಿಯ ನಂಜುಂಡಸ್ವಾಮಿ ಕೂತಿದ್ದರು. ತಹಸೀಲ್ದಾರರಾಗಿ ನಿವೃತ್ತರಾದ ದಪ್ಪ ಆಸಾಮಿ. ಅವರ ತೊಡೆಯ ಮೇಲೆ ನನ್ನ ಮೊಮ್ಮಗಳು ನಿಶ್ಚಿತಾ, ಹೊಸ ಲಂಗ ಹರಡಿಕೊಂಡು. ಹಿಂದೆ ತಳ್ಳುವುದಕ್ಕೆ ಮಹದೇವು. ನಮ್ಮಪ್ಪನ ಜೊತೆ ಗ್ಯಾಂಗಿನಲ್ಲಿ ಕೆಲಸ ಮಾಡಿದವನು. ಕಣ್ಣಿಗೆ ಪೊರೆ ಬಂದು ಈಗ ಎಲ್ಲವೂ ಮಸುಕು.

ನಾನು ಆರತಿ ತಟ್ಟೆ ಹಿಡಿದು ಓಣಿಯ ಆ ತುದಿಯಿಂದ ಬಂದೆ. ಹಳಿಯ ನೆತ್ತಿ ಉಬ್ಬಾಗಿರುವುದರಿಂದ ನಿಂಬೆಹಣ್ಣು ಉರುಳಿ ಬೀಳುತ್ತಿತ್ತಂತೆ. ಅದಕ್ಕೆ ನಮ್ಮವರು ಅದರ ಕೆಳಗೊಂದು ಆಸನ ಮಾಡಿದ್ದರು. ಪಾಲಿಶ್ ಡಬ್ಬಿಯಂಥ ಚಪ್ಪಟೆ ಕೆಂಪು ತಗಡು, ಎರಡು ಕಡೆಗೂ ಸೀಸದ ಪಟ್ಟಿ. ಪಟ್ಟಿ ಬಗ್ಗಿಸಿದರೆ ಹಳಿಯನ್ನು ಅಪ್ಪಿ ಕೂರುತ್ತದೆ. ಹಿಂದಿನ ದಿನವಷ್ಟೇ ಗುಜರಿಯಿಂದ ತಂದದ್ದು.

ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಅದನ್ನು ಕೀಮನ್‌ಗಳು ಪಟಾಕಿ ಎನ್ನುತ್ತಿದ್ದರು. ಮುಂದೆ ಹಳಿ ಮುರಿದಿದ್ದರೆ ಓಡಿ ಬಂದು ಹಿಂದಿನ ಹಳಿಗೆ ಕಟ್ಟಿಬಿಡುವುದು. ಎಂಜಿನ್ನಿನ ಚಕ್ರ ಹತ್ತಿದರೆ ಸಿಡಿದು ಡ್ರೈವರನನ್ನು ಎಚ್ಚರಿಸುತ್ತದೆ. ಅಪ್ಪನ ಗ್ಯಾಂಗಿನ ಒಬ್ಬನಿಗೆ ಅದರ ತಗಡಿನ ಚೂರು ಸಿಡಿದು ಕಣ್ಣು ಹೋಗಿತ್ತು. ಅಪ್ಪನ ಚೀಲ ಇದ್ದ ಮೂಲೆಗೆ ನಾವು ಮಕ್ಕಳು ಸುಳಿಯುವಂತಿರಲಿಲ್ಲ.

“ರೀ, ತಳ್ಳಬೇಡ್ರೀ! ನಿಂಬೆಹಣ್ಣಿನ ಕೆಳಗಿರೋದು ಸಿಡಿಯೋ ಸಾಮಾನು! ಮಗೂನ ಇಳಿಸಿ!”

ಇವರ ಮುಖ ಕೆಂಪಾಯಿತು. ನೆಂಟರ ಕಡೆ ತಿರುಗಿ ಕೃತಕವಾಗಿ ನಕ್ಕರು. “ಬೆಳಗಿಂದ ಇದೇ ಕತೆ. ಪೂಜೆ ಕೆಡಿಸ್ತೀನಿ ಅಂತ ಹಟ ತೊಟ್ಟವ್ಳೆ. ನೀನು ತಳ್ಳು ಮಹದೇವು.”

“ನಿಮ್ಮ ದಮ್ಮಯ್ಯ, ಸುಳ್ಳಲ್ಲ ರೀ!”

“ತಳ್ಳು ಅಂದೆ!”

ಓಣಿ ಮೋರಿಯ ಕಡೆಗೆ ಇಳಿಜಾರು. ಟ್ರಾಲಿ ಗಡಗಡ ಎನ್ನುತ್ತ ಹೊರಟಿತು. ನಿಶ್ಚಿತಾ ಚಪ್ಪಾಳೆ ತಟ್ಟುತ್ತಿದ್ದಳು. ತಗಡು ಕೀಳಲು ಹೋದರೆ ಚಕ್ರ ನನ್ನ ಕೈಯ ಮೇಲೇ ಹತ್ತುತ್ತದೆ. ಕೂಗಿದರೆ ನಂಬುವವರಿಲ್ಲ. ನಾನು ತಟ್ಟೆ ಬಿಸಾಡಿ, ಸೆರಗು ಬಿಗಿದು, ಹಳಿಗಳ ನಡುವೆ ನಿಂತು ಎರಡೂ ಕೈಗಳನ್ನು ನೆಟ್ಟಗೆ ಮೇಲೆತ್ತಿದೆ.

“ಅಯ್ಯೋ, ಗಿರಿಜಾಂಬಕ್ಕನ ಮೈಮೇಲೆ ದೇವರು ಬಂದೈತೆ!” ಎಂದು ಪಕ್ಕದ ಮನೆಯಾಕೆ ಕೈ ಮುಗಿದಳು. ಇನ್ನಿಬ್ಬರು ಅಡ್ಡಬಿದ್ದರು. ಇವರು ಮಾತ್ರ, “ತಳ್ಳು, ಅವಳೇ ಸರೀತಾಳೆ!” ಎಂದು ಅರಚುತ್ತಲೇ ಇದ್ದರು. ನಾನು ಸರಿಯಲಿಲ್ಲ. ಕೈ ಇಳಿಸಲಿಲ್ಲ. ಮೊಮ್ಮಗಳ ಮುಖವನ್ನೇ ನೋಡುತ್ತಿದ್ದೆ.

ಟ್ರಾಲಿಯ ಹಿಂದೆ ಮಹದೇವು ಕತ್ತು ಚಾಚಿದ. ಮರುಕ್ಷಣ ಹಿಮ್ಮಡಿಯನ್ನು ನೆಲಕ್ಕೆ ಊರಿ, ಟ್ರಾಲಿಯ ಹಿಂಬದಿಯ ಕಂಬಿ ಹಿಡಿದು, ಇಡೀ ಮೈಯನ್ನು ಹಿಂದಕ್ಕೆ ಜಗ್ಗಿದ. ಕಬ್ಬಿಣ ಕಿರ್ರೆಂದಿತು. ನಿಂಬೆಹಣ್ಣಿಗೆ ಒಂದು ಗೇಣು ಈಚೆ ಚಕ್ರ ನಿಂತಿತು.

ಮಗುವನ್ನು ಕಿತ್ತುಕೊಂಡು ಎದೆಗೆ ಒತ್ತಿಕೊಂಡೆ. ಆಗ ನನಗೆ ಅಳು ಬಂತು.

“ಯಾಕೋ ನಿಲ್ಲಿಸಿದೆ?” ಎಂದರು ಇವರು.

“ನಂಗೆ ಮೊಕ ಕಾಣಾಕಿಲ್ಲ ಬುದ್ಧಿ,” ಮಹದೇವು ಏದುಸಿರು ಬಿಡುತ್ತಿದ್ದ. “ಎಲ್ಡು ಕೈ ಮೇಲೆತ್ತಿದ್ದು ಕಾಣ್ತು. ಬಾವುಟ ಇಲ್ದಿದ್ರೆ ಅಂಗೇ ಅಲ್ವಾ ನಿಲ್ಸೋದು? ಶಿವಲಿಂಗಯ್ಯನೋರು ಒಂದ್ಸಲ ಅಂಗೇ ನಿಂತು ಗಾಡಿ ನಿಲ್ಸಿದ್ರು.” ಆಮೇಲೆ ಬಗ್ಗಿ, ಸೀಸದ ಪಟ್ಟಿಯನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ, ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡ. “ಎಲ್ರೂ ಆಚೆಗೋಗಿ.”

ಓಣಿ ಖಾಲಿಯಾಯಿತು. ರೈಲ್ವೆಯವರು ಬಂದು ಅದನ್ನು ಒಯ್ಯುವವರೆಗೆ ಗೇಟಿಗೆ ಬೀಗ.

“ಹಳೇದು ಕಣೆ. ಸಿಡೀತಿತ್ತೋ ಇಲ್ವೋ,” ಎಂದರು ಇವರು, ಬೀದಿಯಲ್ಲಿ ನಿಂತು.

“ನಿಶ್ಚಿತಾನ ಕೂರಿಸಿ ನೋಡೋಣ ಅಂತಿದ್ರಾ? ಕಟ್ಕೊಂಡ ಹೆಂಡ್ತಿ ಬಾಯಿ ಬಡ್ಕೊಂಡ್ರೂ ನೀವು ನಿಲ್ಲಿಸಲಿಲ್ಲ. ಕಣ್ಣು ಕಾಣದೋನು ನಿಲ್ಲಿಸಿದ.”

ಅವರು ಜಗಲಿಯ ಮೇಲೆ ಕುಸಿದು ಕೂತರು. ನನಗೆ ಕನಿಕರ ಬರಲಿಲ್ಲ, ಬರಬೇಕು ಅಂತಲೂ ಅನ್ನಿಸಲಿಲ್ಲ.

ನಂಜುಂಡಸ್ವಾಮಿ ಬೆವರು ಒರೆಸಿಕೊಳ್ಳುತ್ತ ಕೇಳಿದರು. “ಶಿವಲಿಂಗಯ್ಯ ಅಂದ್ರೆ ಯಾರಮ್ಮ?”

ನಾನು ಇವರ ಕಡೆ ನೋಡಿದೆ. ಬೀದಿಯ ಜನವೆಲ್ಲ ಕಾಯುತ್ತಿತ್ತು.

“ನಮ್ಮ ಮಾವ,” ಎಂದರು ಕೊನೆಗೆ. “ಕೀಮನ್ ಆಗಿದ್ರು. ಒಳಗೆ ಗೋಡೇಲಿರೋ ಸುತ್ತಿಗೆ ಅವರದೇ.”

ಸುತ್ತಿಗೆಯ ಬೆಳ್ಳಿ ಬಣ್ಣವನ್ನು ಆಮೇಲೆ ಅವರೇ ಕೂತು ಉಜ್ಜಿದರು. ತಲೆಯದು ಹೋಯಿತು, ಹಿಡಿಯದು ಪೂರ್ತಿ ಹೋಗಲಿಲ್ಲ. ಹೆಬ್ಬೆರಳಿನ ಗುಳಿಯಲ್ಲಿ ಇನ್ನೂ ಸ್ವಲ್ಪ ಮಿನುಗುತ್ತದೆ. ಸುತ್ತಿಗೆಯನ್ನು ನಾನು ಓಣಿಗೆ ವಾಪಸು ಕೊಡಲಿಲ್ಲ. ಅದು ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಗೋಡೆಯಲ್ಲಿದೆ.

ಸಂಗ್ರಹ ನೋಡಲು ಈಗಲೂ ಜನ ಬರುತ್ತಾರೆ. ಓಣಿಯೆಲ್ಲ ತೋರಿಸಿ ಮುಗಿಸಿದ ಮೇಲೆ ಇವರು ಅಡುಗೆಮನೆಯ ಬಾಗಿಲಿಗೆ ಕರೆತಂದು, “ನಮ್ಮ ಮಾವನ ಸುತ್ತಿಗೆ ತೋರಿಸ್ಲೇನೆ?” ಎಂದು ಕೇಳುತ್ತಾರೆ. ಒಮ್ಮೊಮ್ಮೆ ಹೂಂ ಅನ್ನುತ್ತೇನೆ. ಮನಸ್ಸಿಲ್ಲದ ದಿನ ತಿರುಗಿ ನಿಂತು ಎರಡೂ ಕೈ ಮೇಲೆತ್ತುತ್ತೇನೆ.

ಈಗ ನಿಲ್ಲುತ್ತಾರೆ.