ಹುಳಿರಾಜನ ಯುದ್ಧ

ಬೀದಿಯ ಚಪ್ಪಲಿಯಲ್ಲಿ ಮರದ ನೆಲ ತುಳಿಯಬಾರದೆಂದು ಆಟದ ಹಾಲಿನ ಬಾಗಿಲ ಪಕ್ಕದಲ್ಲಿ ಬರೆದು ಹಾಕಿದ್ದರು. ಅನಸೂಯ ಅದನ್ನು ಪೂರ್ತಿ ಓದಲೂ ಇಲ್ಲ. ದೇವಸ್ಥಾನದ ಹೊರಗೆ ಬಿಡುವ ಹಾಗೆ ಚಪ್ಪಲಿಯನ್ನು ಗೋಡೆಗೆ ಸರಿಸಿಟ್ಟು ಬರಿಗಾಲಲ್ಲಿ ಒಳಗೆ ಹೋದಳು. ಬಾಗಿಲಲ್ಲಿ ನಿಂತಿದ್ದ ಚೀನೀ ಹುಡುಗಿ ಏನೋ ಹೇಳಲು ಬಾಯಿ ತೆರೆದವಳು ದಾರಿ ಬಿಟ್ಟಳು. ಅಡುಗೆಮನೆಯಲ್ಲಿ ಉಟ್ಟಿದ್ದ ಸೀರೆಯಲ್ಲೇ ಬಂದಿದ್ದಳು ಅನಸೂಯ, ಸೆರಗಿನ ಮೇಲೆ ಅರಿಶಿನದ ಕಲೆ ಹಾಗೇ ಇತ್ತು. ಮಗಳ ರಟ್ಟೆ ಹಿಡಿದು ಎಳೆದುಕೊಂಡು ಹೋಗಲು ಬಂದವಳಿಗೆ ಸೀರೆಯ ಚಿಂತೆ ಎಲ್ಲಿಂದ ಬರಬೇಕು?

ಬೆಳಿಗ್ಗೆ ಮೈಥಿಲಿ ಷೂ ಕಟ್ಟಿಕೊಳ್ಳುತ್ತ, ಹಾಲು ಬೇಡ ಅನ್ನುವಷ್ಟೇ ಸಲೀಸಾಗಿ, "ಇವತ್ತು ಮ್ಯಾಚ್ ಇದೆ ಅಮ್ಮ, ಆಡ್ತೀನಿ" ಎಂದು ಹೇಳಿ ಹೊರಟುಬಿಟ್ಟಿದ್ದಳು. ಗೋಪಿನಾಥ ಪೇಪರಿನಿಂದ ತಲೆ ಎತ್ತಲಿಲ್ಲ. ಈ ಹೊರದೇಶದ ತಂಜಾಂಗ್ ಪಗಾರ್ ಪೇಟೆಯ ಬ್ಯಾಂಕಿನಲ್ಲಿ ನೂರು ಜನರನ್ನು ಆಳುವ ಗಂಡ ಮನೆಯಲ್ಲಿ ತಲೆ ಎತ್ತದೆ ಕೂತರೆ ಏನರ್ಥವೆಂದು ಅವಳಿಗೆ ಗೊತ್ತಿತ್ತು.

"ನಿಮಗೆ ಗೊತ್ತಿತ್ತು ಅಲ್ವಾ?"

"ಹೋಗ್ಲಿ ಬಿಡೇ. ಎರಡೆರಡು ಕಡೆ ಟೆಸ್ಟ್ ಮಾಡಿಸಿದೀವಿ. ಅವಳ ಹಾರ್ಟ್ ನಾರ್ಮಲ್ ಅಂತ ಡಾಕ್ಟರೇ ಹೇಳಿದಾರಲ್ಲ."

"ವಿಶೂಗೂ ನಾರ್ಮಲ್ಲೇ ಇತ್ತು. ಹಿಂದಿನ ರಾತ್ರಿ ಆರು ದೋಸೆ ತಿಂದಿದ್ದ."

ಗೋಪಿನಾಥ ಪೇಪರಿನ ಪುಟ ತಿರುಗಿಸಿದ.

ಹೋದ ಡಿಸೆಂಬರಿನಲ್ಲಿ ಮಗ ವಿಶ್ವಜಿತ್ ಇಂಥದ್ದೇ ಒಂದು ಆಟದ ಹಾಲಿನಲ್ಲಿ, ಪ್ರಾಕ್ಟೀಸಿನ ನಡುವೆ, ದಣಿವಾಯಿತೆಂದು ಬೆಂಚಿನ ಮೇಲೆ ಹೋಗಿ ಕೂತಿದ್ದ. ಸುಧಾರಿಸಿಕೊಳ್ಳಲಿ ಎಂದು ಗೆಳೆಯರು ಅವನ ಪಾಡಿಗೆ ಬಿಟ್ಟಿದ್ದರು. ಆಮೇಲೆ ಯಾರೋ ಕರೆದರೆ ಏಳಲಿಲ್ಲ. ಹುಟ್ಟಿನಿಂದಲೇ ಹೃದಯದ ಗೋಡೆ ದಪ್ಪವಿತ್ತು ಎಂದು ಆಸ್ಪತ್ರೆಯವರು ಹೇಳಿದರು. ಯೂನಿವರ್ಸಿಟಿಯ ಗಂಡುಮಕ್ಕಳ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅವನು ಕ್ಯಾಪ್ಟನ್, ತಂಗಿ ಮೈಥಿಲಿ ಹೆಣ್ಣುಮಕ್ಕಳ ತಂಡದಲ್ಲಿದ್ದಳು. ವೈಕುಂಠ ಸಮಾರಾಧನೆ ಮುಗಿದ ದಿನ ಅನಸೂಯ ಮಗಳ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು, ಇನ್ನು ಚೆಂಡು ಮುಟ್ಟುವುದಿಲ್ಲ ಎಂದು ಆಣೆ ಮಾಡಿಸಿಕೊಂಡಿದ್ದಳು. ಆಣೆ ಮಾಡಿಸುವ ಅಮ್ಮಂದಿರಿಗೆ ತಮ್ಮ ತಲೆಯ ಮೇಲೆ ಬಲು ನಂಬಿಕೆ.

ಅಲ್ಲಿಂದೀಚೆಗೆ ಬುಕಿತ್ ಪಂಜಾಂಗ್ ಬಡಾವಣೆಯ ಆ ಮನೆಯಲ್ಲಿ ಸಂಜೆಯಾದರೆ ಚೆಂಡಿನ ಸದ್ದು. ದಬ್, ದಬ್, ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ, ಮತ್ತೆ ದಬ್. ಅವಳು ಹೇಳಿದಾಗ, ಮೇಲಿನ ಮನೆಯ ಹುಡುಗ ಇರಬೇಕು ಅಂದಿದ್ದ ಗೋಪಿನಾಥ. ಒಂದು ದಿನ ಲಿಫ್ಟಿನಲ್ಲಿ ಮೇಲಿನ ಮನೆಯವರು ಸಿಕ್ಕರು. ಕೋಲೂರಿಕೊಂಡ ಒಬ್ಬ ಮುದುಕ, ಅವನ ತೋಳು ಹಿಡಿದ ಮುದುಕಿ. ಮನೆಯಲ್ಲಿ ಮತ್ತೆ ಯಾರಿದ್ದಾರೆಂದು ಕೇಳಿದರೆ, ನಾವಿಬ್ಬರೇ ಎಂದರು. ಅನಸೂಯ ಅದನ್ನು ಗಂಡನಿಗೆ ಹೇಳಲಿಲ್ಲ. ಹೇಳಿದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾನೆ, ಡಾಕ್ಟರು ಮಾತ್ರೆ ಕೊಡುತ್ತಾರೆ, ಮಾತ್ರೆ ನುಂಗಿದರೆ ಆ ಸದ್ದೂ ಹೋಗಿಬಿಡುತ್ತದೆ. ಹೋಗುವುದು ಅವಳಿಗೆ ಬೇಕಿರಲಿಲ್ಲ.

ಹಾಲಿನೊಳಗೆ ಗಂಡುಮಕ್ಕಳ ಪಂದ್ಯ ನಡೆದಿತ್ತು. ನಿಜವಾದ ಚೆಂಡು ನಿಜವಾದ ನೆಲಕ್ಕೆ ಬಡಿಯುವ ಸದ್ದು ಎದೆಗೇ ಬಡಿದ ಹಾಗಾಗಿ ಅವಳು ಮೆಟ್ಟಿಲು ಹತ್ತಿ, ನೋಡುವವರ ಸಾಲಿನಲ್ಲಿ ಮೊದಲು ಸಿಕ್ಕ ಬೆಂಚಿನ ಮೇಲೆ ಕೂತಳು. ಗಡಿಯಾಚೆ ಜೊಹೋರಿನ ಕಡೆಯ ಯೂನಿವರ್ಸಿಟಿಯವರು ಹಳದಿ, ನಮ್ಮವರು ನೀಲಿ. ಮಗಳು ಎಲ್ಲಿ ಎಂದು ಕಣ್ಣಾಡಿಸುತ್ತಿದ್ದಾಗ ಕೇಳಿಸಿತು.

"ಹುಳೀ... ಹುಳಿ."

ಇಲ್ಲಿಗೂ ಬಂತಲ್ಲಪ್ಪಾ ಅಂದುಕೊಂಡಳು ಅನಸೂಯ. ಇಷ್ಟು ದಿನ ಬರೀ ಚೆಂಡಿತ್ತು, ಈಗ ಮಾತೂ ಶುರುವಾಯಿತು.

"ಸಾರೂ... ಸಾರು."

ಅವಳ ತಂದೆ ಮೈಸೂರಿನಲ್ಲಿ ಮದುವೆ ಮುಂಜಿಗಳ ಊಟದ ಉಸ್ತುವಾರಿ ನೋಡುತ್ತಿದ್ದವರು. ಪಂಕ್ತಿಯ ಉದ್ದಕ್ಕೂ ಬಡಿಸುತ್ತ ಹೋಗುವಾಗ, ಎಲೆಯ ಮುಂದೆ ಹರಟುತ್ತ ಕೂತವರಿಗೂ ಎಚ್ಚರವಾಗುವ ಹಾಗೆ, ಮೊದಲು ಎಳೆದು ಆಮೇಲೆ ಕತ್ತರಿಸಿ ಕೂಗುತ್ತಿದ್ದರು. ಅದೇ ಅಭ್ಯಾಸ ಅನಸೂಯಳಿಗೆ ಬಂದಿತ್ತು. ಏಳನೆಯ ಮಹಡಿಯ ಫ್ಲ್ಯಾಟಿನಲ್ಲಿ, ನಾಲ್ಕೇ ಜನರ ಟೇಬಲ್ಲಿನ ಸುತ್ತ, ನೂರು ಎಲೆ ಹಾಕಿದ್ದಾರೇನೋ ಅನ್ನುವಂತೆ ಕೂಗಿಕೊಂಡು ಬಡಿಸುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಡಿಸೆಂಬರಿನ ನಂತರ ಪಾತ್ರೆಗಳನ್ನು ಟೇಬಲ್ಲಿನ ಮೇಲೆ ಇಟ್ಟುಬಿಡುತ್ತಾಳೆ, ಬೇಕಾದವರು ಬಡಿಸಿಕೊಳ್ಳುತ್ತಾರೆ.

"ಪಲ್ಯಾ... ಪಲ್ಯ."

ಈ ಸಲ ಅವಳು ಬಾಯಿ ನೋಡಿದಳು. ಕೂಗಿದವನು ಚೆಂಡು ಹಿಡಿದಿದ್ದ ಎತ್ತರದ ಚೀನೀ ಹುಡುಗ. ಅವನು ಕೂಗಿದ್ದೇ ತಡ ಉಳಿದ ನಾಲ್ವರು ಒಂದೊಂದು ದಿಕ್ಕಿಗೆ ಓಡಿದರು, ಚೆಂಡು ಕೈಯಿಂದ ಕೈಗೆ ಹೋಗಿ ಬುಟ್ಟಿಗೆ ಬಿತ್ತು. ಹಳದಿಯವರು ಕಕ್ಕಾಬಿಕ್ಕಿಯಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಶೂ ಹೋದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ಅತ್ತಿದ್ದ ಹುಡುಗ ಇವನೇ, ಬೂನ್ ಕಿಯಾಟ್. ತನ್ನ ತಂದೆಯ ಎಳೆತ, ತನ್ನ ಎಳೆತ, ವಿಶೂ ಅಣಕಿಸುವಾಗ ಕೊನೆಯಲ್ಲಿ ಸೇರಿಸುತ್ತಿದ್ದ ಒಂದು ಸಣ್ಣ ಕೊಂಕು, ಎಲ್ಲವೂ ಆ ಹುಡುಗನ ಬಾಯಲ್ಲಿ ಇದ್ದವು. ಅನಸೂಯಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ನನ್ನ ಮನೆಯಿಂದ ಕದ್ದುಕೊಂಡು ಬಂದಿದ್ದಾರೆ ಅನ್ನಿಸಿತು.

ಮೈಥಿಲಿ ಮೆಟ್ಟಿಲು ಹತ್ತಿ ಬಂದಳು. ನೀಲಿ ಚಡ್ಡಿ, ನೀಲಿ ಬನಿಯನ್, ಕೂದಲು ಎಳೆದು ಕಟ್ಟಿದ್ದಳು. ಅಮ್ಮನನ್ನು ಕಂಡು ಮುಖ ಬಿಳುಚಿಕೊಂಡಿದ್ದರೂ ಹತ್ತಿರ ಬಂದೇ ನಿಂತಳು.

"ನಡಿ ಮನೆಗೆ."

"ಅಮ್ಮ, ಪ್ಲೀಸ್. ಇಲ್ಲಿ ಬೇಡ."

"ನನ್ನ ತಲೆ ಮುಟ್ಟಿ ಆಣೆ ಮಾಡಿದ್ದೆ."

"ನೀನು ಮಾಡ್ಸಿದ್ದು. ನನ್ನ ಕೈ ಹಿಡ್ಕೊಂಡು ನೀನೇ ಇಟ್ಕೊಂಡೆ." ಮೈಥಿಲಿ ದನಿ ತಗ್ಗಿಸಿದಳು. "ಎರಡು ತಿಂಗಳಿಂದ ಪ್ರಾಕ್ಟೀಸಿಗೆ ಬರ್ತಿದೀನಿ. ನಿನ್ನ ತಲೆಗೇನಾಯ್ತು ಹೇಳು."

ಎರಡು ತಿಂಗಳಿಂದ ಅನಸೂಯಳಿಗೆ ಒಂದೇ ಸಮನೆ ತಲೆನೋವು. ಹೇಳಲು ಹೊರಟವಳು ನುಂಗಿಕೊಂಡಳು. ಅದನ್ನು ಹೇಳಿದರೆ ಮಗಳು ನಗುತ್ತಾಳೋ ಹೆದರುತ್ತಾಳೋ ತಿಳಿಯಲಿಲ್ಲ, ಎರಡೂ ಬೇಡವಾಗಿತ್ತು.

"ನೀನೊಬ್ಬಳೇ ಇರೋದು ನನಗೆ," ಎಂದಳು. "ಅರ್ಥ ಆಗುತ್ತಾ ನಿನಗೆ?"

"ಆಗುತ್ತಮ್ಮ. ಅದಕ್ಕೇ ಇಷ್ಟು ದಿನ ಸುಮ್ನಿದ್ದೆ." ಅವಳು ಪಕ್ಕದಲ್ಲಿ ಕೂತಳು. "ನಾವು ಐದೇ ಜನ ಉಳಿದಿರೋದು. ಒಬ್ಬಳಿಗೆ ಕಾಲು ಟ್ವಿಸ್ಟ್ ಆಗಿದೆ, ಇನ್ನೊಬ್ಬಳಿಗೆ ಜ್ವರ. ನಾನು ಬಂದ್ಬಿಟ್ರೆ ಟೀಮೇ ಇಲ್ಲ. ಮತ್ತೆ ಈ ಟೂರ್ನಮೆಂಟಲ್ಲಿ ಬಾಯ್ಸು ಗರ್ಲ್ಸು ಇಬ್ಬರದೂ ಸೇರ್ಸೇ ಲೆಕ್ಕ. ಎರಡರಲ್ಲಿ ಒಂದು ಗೆದ್ರೆ ಇಬ್ರೂ ಉಳೀತೀವಿ. ಎರಡೂ ಸೋತ್ರೆ ಇಬ್ರೂ ಔಟ್."

ಅನಸೂಯ ಅಂಕಣವನ್ನೇ ನೋಡುತ್ತಿದ್ದಳು. "ಏನದು ಅವರು ಕೂಗ್ತಿರೋದು?"

"ವಿಶೂ ಹೇಳ್ಕೊಟ್ಟಿದ್ದು. ಒಂದೊಂದು ಹೆಸರಿಗೆ ಒಂದೊಂದು ಮೂವ್. ಬೇರೆ ಟೀಮಿನವ್ರಿಗೆ ಗೊತ್ತಾಗಲ್ವಲ್ಲ. ನಾವೂ ಅದನ್ನೇ ಕೂಗೋದು." ಮೈಥಿಲಿ ತುಟಿ ಕಚ್ಚಿಕೊಂಡಳು, ನಗು ಬರುತ್ತಿತ್ತೋ ಏನೋ. "ಇವ್ರಿಗೆ ಅದು ಊಟ ಅಂತ ಗೊತ್ತಿಲ್ಲ. ನಮ್ಮೂರಿನ ಹಳೇ ರಾಜರ ಹೆಸರು ಅಂದಿದಾನೆ. ಹುಳಿ ಅಂದ್ರೆ ದೊಡ್ಡ ವಾರಿಯರ್ ಅಂತೆ. ಪಲ್ಯ ಅವನ ತಮ್ಮ."

ಅನಸೂಯಳ ಗಂಟಲಿನಿಂದ ಒಂದು ಸದ್ದು ಹೊರಟಿತು. ಅದು ನಗುವೇ ಇರಬೇಕು, ಅಭ್ಯಾಸ ತಪ್ಪಿ ಬಹಳ ದಿನವಾಗಿತ್ತು. "ಮುಠ್ಠಾಳ," ಎಂದಳು. ಹತ್ತು ತಿಂಗಳಲ್ಲಿ ಮಗನನ್ನು ಬೈದದ್ದು ಅದೇ ಮೊದಲು.

"ಮಜ್ಜಿಗೆ?" ಎಂದು ಕೇಳಿದಳು ಆಮೇಲೆ. "ಮಜ್ಜಿಗೆ ಕೂಗಲ್ವಾ?"

"ಅದು ಕೊನೇದು. ಕೊನೇ ನಿಮಿಷಕ್ಕೆ ಅಂತ ಇಟ್ಕೊಂಡಿದ್ದ. ಅವನೇ ಕೂಗಿ ಅವನೇ ಹೋಗಿ ಬಾಲ್ ಹಾಕ್ತಿದ್ದ." ಮೈಥಿಲಿ ಎದ್ದಳು. "ಈಗ ಯಾರೂ ಕೂಗಲ್ಲ ಅಮ್ಮ. ಕೂಗು ಅಂತ ಯಾರೂ ಯಾರ್ಗೂ ಹೇಳಲ್ಲ."

ಗಂಡುಮಕ್ಕಳ ಪಂದ್ಯದ ಕೊನೆಯ ನಿಮಿಷ ಬಂದಾಗ ಅನಸೂಯ ಅದನ್ನು ಕಣ್ಣಾರೆ ಕಂಡಳು. ನೀಲಿಯವರು ಒಂದೇ ಅಂಕ ಹಿಂದೆ. ಬೂನ್ ಕಿಯಾಟ್ ಚೆಂಡು ಹಿಡಿದು ನಿಂತ. ಬಾಯಿ ತೆರೆದ. ಉಳಿದ ನಾಲ್ವರೂ ಅವನನ್ನೇ ನೋಡುತ್ತ ಕಾದರು. ಅಷ್ಟು ದೊಡ್ಡ ಹಾಲಿನಲ್ಲಿ ಜನ ಕಿರುಚುತ್ತಲೇ ಇದ್ದರು, ಆದರೆ ಆ ಐವರ ನಡುವೆ ಒಂದು ಜಾಗ ಖಾಲಿ ಬಿದ್ದಿತ್ತು, ಬಲಗಡೆ, ಬುಟ್ಟಿಯ ಹತ್ತಿರ. ಯಾರೂ ಅಲ್ಲಿಗೆ ಕಾಲಿಡಲಿಲ್ಲ. ಅನಸೂಯ ತನಗೆ ತಿಳಿಯದೆಯೇ ಆ ಜಾಗವನ್ನು ನೋಡುತ್ತ ಕೂತಿದ್ದಳು, ಅಲ್ಲಿ ಯಾರೋ ನಿಂತಿದ್ದಾರೆ ಅನ್ನಿಸುವಷ್ಟು ಹೊತ್ತು. ಬೂನ್ ಕಿಯಾಟ್ ಬಾಯಿ ಮುಚ್ಚಿದ. ದೂರದಿಂದಲೇ ಎಸೆದ ಚೆಂಡು ಕಬ್ಬಿಣದ ಬಳೆಗೆ ಬಡಿದು ಆಚೆ ಬಿತ್ತು. ನೀಲಿಯವರು ಸೋತರು.

ಅವನು ನೇರವಾಗಿ ಅವಳ ಹತ್ತಿರ ಬಂದ. ಮುಖದ ತುಂಬ ಬೆವರು.

"ಆಂಟಿ, ಸಾರಿ. ವಿ ಲಾಸ್ಟ್ ಲಾ."

ಪರವಾಗಿಲ್ಲ ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಅವನು ಹೋಗಲಿಲ್ಲ. ಕತ್ತಿನ ಬೆವರು ಒರೆಸಿಕೊಳ್ಳುತ್ತ ನಿಂತು, ಒಂದು ಮಾತು ಕೇಳಲೇ ಎಂದ. ಹುಳಿರಾಜನ ಯುದ್ಧದ ಕಥೆಯನ್ನು ವಿಶೂ ದಿನಾ ಪ್ರಾಕ್ಟೀಸ್ ಮುಗಿದ ಮೇಲೆ ಸ್ವಲ್ಪ ಸ್ವಲ್ಪ ಹೇಳುತ್ತಿದ್ದನಂತೆ. ಕೊನೆ ಹೇಳಲೇ ಇಲ್ಲ. ಕೊನೆಗೆ ಯಾರು ಗೆದ್ದರು, ಆಂಟಿ?

ಅನಸೂಯ ಆ ಹುಡುಗನ ಮುಖ ನೋಡಿದಳು. ಒಂದಿಷ್ಟೂ ತಮಾಷೆಯಿರಲಿಲ್ಲ ಅಲ್ಲಿ. ಅವನೂ ತನ್ನ ಹಾಗೆ ಎಲ್ಲೋ ಒಂದು ಕಡೆ ಕೂತು ಸದ್ದು ಕೇಳಿಸಿಕೊಳ್ಳುವವನೇ ಅನ್ನಿಸಿತು. ಆಗಲೇ ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ.

"ಹುಳಿ ಗೆದ್ದ," ಎಂದಳು ಇಂಗ್ಲಿಷಿನಲ್ಲಿ. "ನಮ್ಮ ಮನೆಯಲ್ಲಿ ದಿನಾ ಅವನೇ ಗೆಲ್ಲುತ್ತಿದ್ದ."

ಅವನು ತಲೆಯಾಡಿಸಿ, ಹಾಗೇ ಅಂದುಕೊಂಡಿದ್ದೆ ಎಂದು ಹೇಳಿ ಇಳಿದು ಹೋದ.

ಹೆಣ್ಣುಮಕ್ಕಳ ಪಂದ್ಯ ಶುರುವಾಯಿತು. ಈಗ ಎಲ್ಲವೂ ಇವರ ಮೇಲೆ ಬಿದ್ದಿತ್ತು. ಬದಲಿಗೆ ಯಾರೂ ಇಲ್ಲದ ಐವರು ಉಸಿರು ಬಿಡದೆ ಓಡಿದರು. ಅನಸೂಯಳಿಗೆ ಅಂಕವೂ ಕಾಣಲಿಲ್ಲ, ಚೆಂಡೂ ಕಾಣಲಿಲ್ಲ. ಮೈಥಿಲಿ ನಿಂತರೆ ಯಾಕೆ ನಿಂತಳು ಎಂದು ನೋಡುವಳು, ಓಡಿದರೆ ಯಾಕಿಷ್ಟು ಓಡುತ್ತಾಳೆ ಎಂದು ನೋಡುವಳು. ಮಗಳು "ಸಾರೂ" ಎಂದು ಕೂಗಿದಾಗ ದನಿ ಒಡೆಯಿತೇ, ಎದೆ ಹಿಡಿಯಿತೇ ಎಂದು ಸೀಟಿನಿಂದ ಅರ್ಧ ಎದ್ದು ಮತ್ತೆ ಕೂತಳು. ಆ ಹಿಂಸೆ ಇನ್ನು ಸಾಕು, ಈ ಆಟ ನಿಂತರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದವಳಿಗೆ ಶಿಳ್ಳೆ ಕೇಳಿಸಿತು. ಅರ್ಧ ಆಟ ಮುಗಿದಿತ್ತು. ನೀಲಿಯವರು ನಾಲ್ಕು ಅಂಕ ಮುಂದಿದ್ದರು.

ಉಳಿದ ನಾಲ್ವರು ನೀರಿಗೆ ಹೋದರು. ಮೈಥಿಲಿ ಒಬ್ಬಳೇ ಬೆಂಚಿಗೆ ಬಂದು ಕೂತು ತಲೆ ಬಗ್ಗಿಸಿದಳು. ಎತ್ತಲಿಲ್ಲ.

ಅನಸೂಯ ಮೆಟ್ಟಿಲು ಹೇಗೆ ಇಳಿದಳೋ, ಆ ಮರದ ನೆಲದ ಮೇಲೆ ಹೇಗೆ ನಡೆದಳೋ, ಯಾರು ತಡೆಯಲು ಬಂದರೋ, ಒಂದೂ ಗೊತ್ತಾಗಲಿಲ್ಲ. ಮಗಳ ಮುಂದೆ ಮಂಡಿಯೂರಿ ಕೂತು, ಒದ್ದೆ ಬನಿಯನ್ನಿನ ಮೇಲೆ ಎಡಗಡೆ ಅಂಗೈ ಒತ್ತಿ ಹಿಡಿದಳು.

ಮೈಥಿಲಿ ತಲೆ ಎತ್ತಿದಳು. "ಏನೂ ಆಗಿಲ್ಲಮ್ಮ. ಸುಸ್ತು ಅಷ್ಟೇ."

"ಮಾತಾಡ್ಬೇಡ."

"ಎಲ್ರೂ ನೋಡ್ತಿದಾರೆ."

"ನೋಡ್ಲಿ."

ಅಂಗೈಯ ಕೆಳಗೆ ಅದು ಹೊಡೆದುಕೊಳ್ಳುತ್ತಿತ್ತು, ಜೋರಾಗಿ, ಅವಸರದಲ್ಲಿ, ಬಾಗಿಲು ತೆಗೆ ಎಂದು ಬಡಿದ ಹಾಗೆ. ಅನಸೂಯ ಕಣ್ಣು ಮುಚ್ಚಿದಳು. ವಿಶೂ ಬೆಂಚಿನ ಮೇಲೆ ಕೂತಾಗ ಒಬ್ಬರು, ಒಬ್ಬರೇ ಒಬ್ಬರು, ಹೀಗೆ ಕೈಯಿಟ್ಟು ನೋಡಿದ್ದರೆ. ಅಷ್ಟು ದಿನದಿಂದ ಅವಳ ತಲೆಯಲ್ಲಿ ಸುತ್ತುತ್ತಿದ್ದದ್ದು ಅದೊಂದೇ ಮಾತು. ಈಗ ಕೈಯಿಟ್ಟ ಮೇಲೆ ತಿಳಿಯಿತು, ಕೈಗೆ ಏನೂ ಗೊತ್ತಾಗುವುದಿಲ್ಲ. ಅವನದೂ ಹೀಗೇ ಹೊಡೆದುಕೊಂಡಿರುತ್ತದೆ. ಇಟ್ಟವರು ಸರಿಯಾಗಿದೆ ಎಂದೇ ಕೈ ತೆಗೆದಿರುತ್ತಿದ್ದರು.

ಶಿಳ್ಳೆ ಊದಿದರು. ನಾಲ್ವರು ಹುಡುಗಿಯರು ಅಂಕಣಕ್ಕೆ ಹೋಗಿ, ಹಿಂದಿರುಗಿ ನೋಡುತ್ತ ನಿಂತರು. ರೆಫರಿ ಕೂಡ ಈ ಕಡೆ ತಿರುಗಿದ. ಮೈಥಿಲಿ ಏಳಲಿಲ್ಲ. ಅಮ್ಮನ ಕೈಯನ್ನು ತಾನಾಗಿ ಸರಿಸಲೂ ಇಲ್ಲ.

"ಅಮ್ಮ," ಎಂದಳು, ಚಿಕ್ಕವಳಿದ್ದಾಗ ಕೇಳುತ್ತಿದ್ದ ದನಿಯಲ್ಲಿ. "ಹೋಗ್ಲಾ?"

ಅನಸೂಯಳ ಬಾಯಿಂದ ಹೂಂ ಎಂದು ಬರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು, ಕೊನೆಗೆ ಅಂಗೈಯನ್ನೂ ತೆಗೆದಳು. ಮಗಳು ಎದ್ದು ಓಡಿದಳು. ಚೆಂಡು ನೆಲಕ್ಕೆ ಬಿದ್ದ ಸದ್ದು ಮಂಡಿಯೊಳಗೆ ಹೊಕ್ಕರೂ ಅವಳು ಅಲ್ಲೇ, ಖಾಲಿ ಬೆಂಚಿನ ಮುಂದೆ, ಮಗಳ ಬೆವರಿನಿಂದ ಒದ್ದೆಯಾದ ಕೈಯನ್ನು ಎಲ್ಲಿಯೂ ಒರೆಸದೆ, ಎತ್ತಿ ಹಿಡಿದುಕೊಂಡೇ ಕೂತಿದ್ದಳು.