ಕೋರಾ ಬಟ್ಟೆ

ಶೀತಲ ಮೇಡಂ ಎರಡು ವರ್ಷ ದುಡಿದು ಒಂದು ಬಣ್ಣ ಮಾಡಿದ್ದರು. ಅದನ್ನು ಹಚ್ಚಿದ ಜಾಗ ನೇರಳಾತೀತ ದೀಪದಡಿ ನೀಲಿಯಾಗಿ ಹೊಳೆಯುತ್ತದೆ. ಯುದ್ಧದಲ್ಲಿ ಬಳಸುವ ನರವಿಷ ತಾಗಿದರೆ ಹೊಳಪು ಆರುತ್ತದೆ. ಜಮಖಂಡಿಯ ನಮ್ಮ ಕಾಲೇಜಿನಲ್ಲಿ ನರವಿಷದ ಬದಲು, ಅದೇ ಜಾತಿಯ ಒಂದು ಕೀಟನಾಶಕದಿಂದ ಪರೀಕ್ಷಿಸುತ್ತಿದ್ದೆವು.

ಕಾಗದಕ್ಕೆ ಹಚ್ಚಿ ನೋಡಿದಾಗ ಎಲ್ಲ ಸರಿಯಿತ್ತು. ಅಂದು ಮೊದಲ ಸಲ ಬಟ್ಟೆಗೆ ಹಚ್ಚಿದೆವು. ಕೀಟನಾಶಕದ ಹನಿ ಬಿದ್ದರೂ ಹೊಳಪು ಆರಲಿಲ್ಲ. ಮರುದಿನ ಪರಿಣತರು ನೋಡಲು ಬರುವವರಿದ್ದರು. ಬನಹಟ್ಟಿಯಿಂದ ಬಟ್ಟೆ ತರಿಸಿದವನು ಲ್ಯಾಬ್ ಸಹಾಯಕನಾದ ನಾನು. ತಪ್ಪು ನನ್ನದೇ ಇರಬೇಕೆನಿಸಿ, ನೇಯ್ದ ಮಾದೇವಿಗೆ ಫೋನ್ ಮಾಡಿದೆ.

“ಬೆಳ್ಳಗಿನ ಬಟ್ಟಿ ಬೇಕಂತ ನೀವ ಅಂದಿರಲ್ರಿ ಹುಲೆಪ್ಪಣ್ಣ? ಅದಕ್ಕ ಬಿಳುಪಿನ ಪುಡಿ ಹಾಕಿಸೇನಿ. ಮಗ್ಗದಿಂದ ತೆಗೆದ ಹಂಗ ಕೋರಾ ಕೊಟ್ಟಿದ್ರ ಹೊಲಸ ಐತಿ ಅಂತಿದ್ರಿ!”

ಅದನ್ನೇ ಮೇಡಂಗೆ ಹೇಳಿದೆ. ಅವರು ಬೈಯಲಿಲ್ಲ. ದೀಪವನ್ನು ನನ್ನ ಬಿಳಿ ಅಂಗಿಯತ್ತ ತಿರುಗಿಸಿದರು. ಅಂಗಿಯೂ ನೀಲಿಯಾಗಿ ಹೊಳೆಯಿತು.

“ನೋಡ್ರಿ, ನಿಮ್ಮ ಅಂಗ್ಯಾಗ ಇರೂ ಆ ಪುಡೀನೂ ಹೊಳೀತೈತಿ. ನಮ್ಮ ಬಣ್ಣ ಆರಿದ್ರೂ ಗೊತ್ತಾಗಂಗಿಲ್ಲ. ನೀವು ಮುಚ್ಚಿಟ್ಟಿದ್ರ ನನ್ನ ಬಣ್ಣಾನ ಕೆಟ್ಟೈತಿ ಅಂತ ಚೆಲ್ಲತಿದ್ದೆ.”

ಸಂಜೆಯ ಬಸ್ಸಿಗೆ ಮಾದೇವಿ ಪುಡಿ ಹಾಕದ ಕೋರಾ ಬಟ್ಟೆ ಕಳಿಸಿದಳು. ಮೇಡಂ ಬಣ್ಣ ಹಚ್ಚಿ ಒಣಗಿಸಿದರು. ಕೈಗವಸು ಹಾಕಿಸಿ, ಹನಿ ಬಿಡುವ ಕೆಲಸವನ್ನು ನನಗೇ ಕೊಟ್ಟರು.

ಹಳದಿ ಮಿಶ್ರಿತ ಆ ಒರಟು ಬಟ್ಟೆ ದೀಪದಡಿ ನೀಲಿಯಾಗಿ ಹೊಳೆಯುತ್ತಿತ್ತು. ಹನಿ ಬಿದ್ದಲ್ಲಿ ಮಾತ್ರ ನಿಧಾನವಾಗಿ ಕಪ್ಪು ಚುಕ್ಕೆ ಮೂಡಿತು.

“ಆತು! ಮಾದೇವಿಗೆ ಫೋನ್ ಹಚ್ರಿ,” ಎಂದರು ಮೇಡಂ. “ಮೊದಲ ಆಕೀಗೆ ಹೇಳೂಣು.”