ಬೆಚ್ಚಗಿಟ್ಟ ಮೊಟ್ಟೆಗಳು

ಆ ಕೊಳದ ಆಮೆ ಬೇರೆಯದೇ ಜಾತಿಯೆಂದು ಮೊದಲು ಗುರುತಿಸಿದವಳು ಎಲ್ಲರ ಬಾಯಲ್ಲೂ ‘ಆಮೆ ಅಕ್ಕ’ ಎನಿಸಿಕೊಂಡಿದ್ದ ಸಂಶೋಧಕಿ. ಕತ್ತಿನ ಹಳದಿ ಗೆರೆ ಕಣ್ಣಿನ ಹಿಂದೆ ತುಂಡಾಗಿರುವುದನ್ನು ತೋರಿಸಿ, ಇಂಥದ್ದು ಇನ್ನೆಲ್ಲೂ ಇಲ್ಲವೆಂದು ದೊಡ್ಡ ವಿಜ್ಞಾನಿಗಳನ್ನು ಒಪ್ಪಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತು. ಒಪ್ಪಿದ್ದೇನೋ ಒಪ್ಪಿದರು, ಅಷ್ಟರಲ್ಲಿ ಕೊಳವಿದ್ದಲ್ಲಿ ಗೋದಾಮು ಎದ್ದಿತ್ತು. ಉಳಿದದ್ದು, ಮಣ್ಣು ಸುರಿಯುವ ಮುನ್ನ ದಂಡೆಯಿಂದ ಅವಳು ಅಗೆದು ತಂದಿದ್ದ ಒಂದು ಗೂಡಿನ ಮೊಟ್ಟೆಗಳು ಮಾತ್ರ.

ಅವುಗಳನ್ನು ಅವಳು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ತಂಪಾದರೆ ಎಲ್ಲಿ ಸತ್ತುಹೋಗುತ್ತವೋ ಎಂದು ಅವನ್ನಿಟ್ಟಿದ್ದ ಕಾವುಪೆಟ್ಟಿಗೆಯ ಶಾಖವನ್ನು ಒಂದಿಷ್ಟು ಏರಿಸಿಯೇ ಇಟ್ಟಳು. ಇಂಥ ಆಮೆಗಳ ಮೊಟ್ಟೆಯಲ್ಲಿ ಗಂಡೋ ಹೆಣ್ಣೋ ಎಂಬುದು ತೀರ್ಮಾನವಾಗುವುದು ಶಾಖದಿಂದ. ಬಿಸಿ ಹೆಚ್ಚಾದರೆ ಹೆಣ್ಣು. ಅವಳಿಗೆ ಗೊತ್ತಿರಲಿಲ್ಲವೇ? ಅದನ್ನೇ ಪಾಠ ಮಾಡುತ್ತಿದ್ದವಳು. ಆದರೆ ಹೊಟ್ಟೆಯಲ್ಲಿ ಭಯ ಕೂತವರಿಗೆ ಪಾಠ ಎಲ್ಲಿ ನೆನಪಾಗಬೇಕು. ಒಂದೂ ಕೆಡದೆ ಮರಿಯಾದಾಗ ಅವಳು ಕುಣಿದಾಡಿಬಿಟ್ಟಿದ್ದಳು.

ಮರಿಗಳಲ್ಲಿ ಗಂಡು ಹೆಣ್ಣು ಗೊತ್ತಾಗುವುದಿಲ್ಲ, ವರ್ಷಗಟ್ಟಲೆ ಸಾಕಬೇಕು. ಸಾಕಿದಳು. ಕೊನೆಗೊಂದು ಬೆಳಿಗ್ಗೆ, ಆಮೆಗಳ ತೊಟ್ಟಿಗಳನ್ನು ನೋಡಿಕೊಳ್ಳುತ್ತಿದ್ದ ತೊಟ್ಟಿಯಣ್ಣ ಒಂದೊಂದೇ ಆಮೆಯನ್ನು ಎತ್ತಿ ಮೇಜಿನ ಮೇಲೆ ಅಂಗಾತ ಮಲಗಿಸತೊಡಗಿದ. ಗಂಡಾದರೆ ಹೊಟ್ಟೆಯ ಚಿಪ್ಪು ಒಳಕ್ಕೆ ತಗ್ಗಿರುತ್ತದೆ, ಬಾಲ ದಪ್ಪ.

“ಇದೂ ಚಪ್ಪಟೆ,” ಅಂದ.

“ಇನ್ನೊಂದ್ಸಲ ಮೊದಲಿಂದ ನೋಡೋಣ.”

“ಎಷ್ಟು ಸಲ ಅಂತ ನೋಡೋದು ಅಕ್ಕಾ, ತಿರುಗಿಸಿ ತಿರುಗಿಸಿ ಅವಕ್ಕೂ ತಲೆ ಸುತ್ತಿರುತ್ತೆ. ಎಲ್ಲಾ ಹೆಣ್ಮಕ್ಕಳೇ. ನಮ್ಮನೆ ಥರಾನೇ.”

ಅವಳು ನಗಲು ನೋಡಿದಳು, ಆಗಲಿಲ್ಲ.

“ನನ್ನ ಕೈಯಾರೆ ಮುಗಿಸಿಬಿಟ್ನಲ್ಲೋ,” ಅಂದಳು.

“ನೀವು ಬದುಕಿಸಿದ್ರಿ.”

“ಇವು ಇರೋ ತನಕ ಅಷ್ಟೇ. ಆಮೇಲೆ?”

ಅವನು ಆಮೆಗಳನ್ನು ಒಂದೊಂದಾಗಿ ಮತ್ತೆ ತೊಟ್ಟಿಗೆ ಬಿಟ್ಟ. ಎಲ್ಲಾದರೂ ಒಂದೇ ಒಂದು ಗಂಡು ಸಿಕ್ಕೀತೆಂದು ಅವಳು ಗೋದಾಮಿನ ಸುತ್ತಲಿನ ಚರಂಡಿ, ಹಳ್ಳ, ಬೆಂಕಿ ನಂದಿಸಲು ಕಟ್ಟಿದ್ದ ನೀರಿನ ತೊಟ್ಟಿಯನ್ನೂ ಬಿಡದೆ ಜಾಲಾಡಿದಳು. ಕಾವಲುಗಾರರು ಅವಳನ್ನು ಕಂಡರೆ ಮುಖ ತಿರುಗಿಸುವಷ್ಟಾಯಿತು. ಸಿಕ್ಕಿದ್ದು ಬರೀ ಕಪ್ಪೆಗಳು.

ಬೇಸಿಗೆ ಹತ್ತಿರವಾದಾಗ, ಸಾಕಿದ ಹೆಣ್ಣುಗಳಲ್ಲಿ ಎಲ್ಲಕ್ಕಿಂತ ದೊಡ್ಡ ಆಮೆ ತೊಟ್ಟಿಯ ನೀರು ಬಿಟ್ಟು ಪಕ್ಕದ ಮರಳಿಗೆ ಬಂತು. ಹಿಂಗಾಲಿನಿಂದ ಗುಂಡಿ ತೋಡಿ, ಮೊಟ್ಟೆಯಿಟ್ಟು, ಮರಳು ಎಳೆದು ಮುಚ್ಚಿ, ಹೊಟ್ಟೆಯಿಂದ ಒತ್ತಿ ಒತ್ತಿ ನೆಲ ಸಮ ಮಾಡಿತು. ಅದಕ್ಕೆ ಯಾರೂ ಕಲಿಸಿರಲಿಲ್ಲ. ಗಂಡಿನ ಸಂಗವಿಲ್ಲದೆ ಇಟ್ಟ ಮೊಟ್ಟೆ, ಒಳಗೆ ಏನೂ ಇಲ್ಲ.

“ತೆಗೆದು ಬಿಸಾಕ್ಲಾ?” ತೊಟ್ಟಿಯಣ್ಣ ಮೆಲ್ಲಗೆ ಕೇಳಿದ.

“ಇರು,” ಅಂದಳು ಅಕ್ಕ. “ಅದು ಮೊದಲು ನೀರಿಗೆ ಹೋಗ್ಲಿ.”